ಒಂದೂವರೆ ಸಾವಿರ ರೂಪಾಯಿ ಯಾರ ಖಾತೆಗೆ ಬಂತು?

ಮುಂಬಯಿ ಕನ್ನಡಿಗರೆಂದರೆ ನಮಗೆ ಥಟ್ಟನೆ ನೆನಪಾಗುವುದು ಹೋಟೆಲ್, ಬ್ಯಾಂಕು, ರಾತ್ರಿ ಶಾಲೆ. ಆದರೆ ಸಂಬಳವೂ ಇಲ್ಲದೆ, ಮೇಲೆ ಮಾಲೀಕನೂ ಇಲ್ಲದೆ, ಅಂದಿನ ಗಳಿಕೆಯಲ್ಲಿ ಅಂದಿನ ಒಲೆ ಹೊತ್ತಿಸುವ ಕನ್ನಡಿಗರೂ ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸ್ಟೇಷನ್ನಿನ ಹೊರಗೆ ಹೂ ಕಟ್ಟುವ ವಿಜಯಪುರದ ಕಡೆಯ ಹೆಂಗಸರು, ಶಿಫ್ಟ್ ಮೇಲೆ ರಿಕ್ಷಾ ಓಡಿಸುವ ಕಲಬುರಗಿಯ ಹುಡುಗರು, ಬಾಡಿಗೆ ಗಾಳೆಯಲ್ಲಿ ಸೆಲೂನ್ ಇಟ್ಟುಕೊಂಡಿರುವ ಕರಾವಳಿಯವರು, ಬ್ಲೌಸ್ ಹೊಲಿಯುವವರು, ಇಸ್ತ್ರಿ ಮಾಡುವವರು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗ ಬಿದ್ದಾಗ ನಮ್ಮಂಥ ಪಿಂಚಣಿದಾರರ ಹಣ ತಿಂಗಳ ಕೊನೆಗೆ ಎಂದಿನಂತೆ ಖಾತೆಗೆ ಬಂತು. ಇವರದು ಮರುದಿನವೇ ನಿಂತುಹೋಯಿತು.

ಆಮೇಲಿನ ಎರಡು ವರ್ಷ ಕೇಂದ್ರವೂ ರಾಜ್ಯಗಳೂ ಇವರ ಹೆಸರಿನಲ್ಲಿ ಹಲವು ನೆರವು ಘೋಷಿಸಿದವು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನೆಂದು ನಮ್ಮ ಉಪನಗರದ ಕನ್ನಡ ಸಂಘದವರು ಅರ್ಜಿ ತುಂಬಿಕೊಡುವ ಕೆಲಸವನ್ನು ನನಗೆ ಒಪ್ಪಿಸಿದರು. ಸಂಘದ ಕೋಣೆಯಲ್ಲಿ ಒಂದು ಮೇಜು, ಒಂದು ಹಳೆಯ ಲ್ಯಾಪ್‌ಟಾಪ್, ಜೊತೆಗೆ ಕಾಲೇಜಿಗೆ ಹೋಗುವ ಒಬ್ಬ ಹುಡುಗ. ಆ ಮೇಜಿನ ಹಿಂದೆ ಕೂತು ನಾನು ಕಂಡದ್ದು ಇಷ್ಟು: ಯಾವ ಅರ್ಜಿಯೂ ‘ನಿನಗೆ ಎಷ್ಟು ನಷ್ಟವಾಯಿತು’ ಎಂದು ಕೇಳಲಿಲ್ಲ. ‘ನಿನ್ನ ಹೆಸರು ಯಾವ ಪಟ್ಟಿಯಲ್ಲಿದೆ’ ಎಂದೇ ಕೇಳಿತು.

ಮಹಾರಾಷ್ಟ್ರದ್ದೇ ತೆಗೆದುಕೊಳ್ಳಿ. ಎರಡನೆಯ ಅಲೆ ಏರುತ್ತಿದ್ದಾಗ, 2021ರ ಏಪ್ರಿಲ್ 13ರಂದು ಮುಖ್ಯಮಂತ್ರಿ ಉದ್ಧವ್ ಠಾಕ್ರೆ ನಿರ್ಬಂಧಗಳ ಜೊತೆಗೇ 5,476 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ನೋಂದಾಯಿತ ಬೀದಿ ವ್ಯಾಪಾರಿಗಳು ಸುಮಾರು 5 ಲಕ್ಷ, ಪರ್ಮಿಟ್ ಇರುವ ರಿಕ್ಷಾದವರು ಸುಮಾರು 12 ಲಕ್ಷ, ಜೊತೆಗೆ ನೋಂದಾಯಿತ ಮನೆಗೆಲಸದವರು ಮತ್ತು ಕಟ್ಟಡ ಕಾರ್ಮಿಕರು. ಇವರಿಗೆಲ್ಲ ತಲಾ 1,500 ರೂಪಾಯಿ. ನಮ್ಮ ಕಡೆ ಚಾಳಿನ ಒಂದು ಕೋಣೆಯ ಬಾಡಿಗೆಯೇ ಐದಾರು ಸಾವಿರ ಇತ್ತೆಂಬುದನ್ನು ಸದ್ಯಕ್ಕೆ ಬಿಡೋಣ. ಆ ಘೋಷಣೆಯಲ್ಲಿ ‘ನೋಂದಾಯಿತ’, ‘ಪರ್ಮಿಟ್ ಇರುವ’ ಎಂಬ ಎರಡು ಮಾತುಗಳಿವೆಯಲ್ಲ, ತೊಂದರೆಯೆಲ್ಲ ಇದ್ದದ್ದು ಅಲ್ಲೇ.

ನಮ್ಮ ಮೇಜಿಗೆ ಬಂದ ಆಳಂದದ ಹುಡುಗನೊಬ್ಬ ಏಳು ವರ್ಷದಿಂದ ರಿಕ್ಷಾ ಓಡಿಸುತ್ತಿದ್ದ. ಗಾಡಿ ಬೇರೆಯವರದು, ಇವನು ದಿನಕ್ಕಿಷ್ಟು ಎಂದು ಬಾಡಿಗೆ ಕಟ್ಟಿ, ಗ್ಯಾಸ್ ಹಾಕಿಸಿ, ಉಳಿದದ್ದನ್ನು ಮನೆಗೆ ಒಯ್ಯುವವನು. ಹುಡುಗ ನನಗೆ ವಿಷಯ ತಿಳಿಸಿದ ರೀತಿ ಹೀಗೆ: “ಬಿಲ್ಲಾ ನಂದ ಅದರೀ ಕಾಕಾ, ಪರ್ಮಿಟ್ ಅವಂದು ಅದ. ರೊಕ್ಕ ಪರ್ಮಿಟ್‌ಗ ಬಂತ್ರೀ.” ಮಾಲೀಕನಿಗೆ ಬೇರೆ ಅಂಗಡಿಯೂ ಇತ್ತಂತೆ. ಮನುಷ್ಯ ಒಳ್ಳೆಯವನು, ಏಳುನೂರೈವತ್ತು ಇವನ ಕೈಗಿಟ್ಟ. ಕೊಡದಿದ್ದರೆ ಕೇಳಲು ಇವನಿಗೆ ಯಾವ ಹಕ್ಕೂ ಇರಲಿಲ್ಲ. ಇದು ಬೇರೆ ರೀತಿಯಲ್ಲೂ ಆಗಬಹುದಿತ್ತು. ದೆಹಲಿ ಸರ್ಕಾರ 2020ರ ಏಪ್ರಿಲ್‌ನಲ್ಲಿ ಆಟೋ, ಟ್ಯಾಕ್ಸಿ, ಇ-ರಿಕ್ಷಾದವರಿಗೆ 5,000 ರೂಪಾಯಿ ಕೊಡುವಾಗ ನೋಡಿದ್ದು ಚಾಲಕನ ಬ್ಯಾಜ್. ಗಾಡಿ ಯಾರದೇ ಇರಲಿ, ಸ್ಟಿಯರಿಂಗ್ ಹಿಡಿದವನಿಗೆ ಹಣ ಸಿಗುವ ದಾರಿ ಅದು. ದೆಹಲಿಯಲ್ಲಿ ಬ್ಯಾಜ್, ಇಲ್ಲಿ ಪರ್ಮಿಟ್. ಒಂದು ಶಬ್ದ ಬದಲಾದರೆ ಹಣ ಬೇರೆ ಮನೆಗೆ ಹೋಗುತ್ತದೆ.

ಸ್ವಂತ ಗಾಡಿ ಇದ್ದವರ ಕಥೆ ಸುಖದ್ದೇನಲ್ಲ. ಅವರ ತಲೆಯ ಮೇಲೆ ಸಾಲದ ಕಂತು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಬಹಳ ಜನ ಅದನ್ನು ಸಾಲ ಮನ್ನಾ ಎಂದೇ ತಿಳಿದಿದ್ದರು. ಮುಂದೂಡಿದ ತಿಂಗಳುಗಳಿಗೂ ಬಡ್ಡಿ ಬೆಳೆಯುತ್ತಲೇ ಇತ್ತು. ಆಮೇಲೆ ಸರ್ಕಾರ 2 ಕೋಟಿಯೊಳಗಿನ ಸಾಲಗಳಿಗೆ ಮರಳಿ ಕೊಟ್ಟದ್ದು ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ. ಕೈಯಲ್ಲಿ ನಾಲ್ಕು ಕಾಸಿದ್ದರೆ ಕಂತು ಕಟ್ಟಿಬಿಡಿ ಎಂದು ನಾನು ಹೇಳುತ್ತಿದ್ದೆ. ನಾಲ್ಕು ಕಾಸು ಯಾರ ಹತ್ತಿರ ಇತ್ತು ಎಂಬುದು ಬೇರೆ ಪ್ರಶ್ನೆ.

ಇನ್ನು ಸೆಲೂನಿನವರು. ಮಹಾರಾಷ್ಟ್ರದಲ್ಲಿ ಲಾಕ್‌ಡೌನಿನ ಮೊದಲ ದಿನದಿಂದ ಮುಚ್ಚಿದ ಸೆಲೂನುಗಳು ಮತ್ತೆ ತೆರೆದದ್ದು 2020ರ ಜೂನ್ 28ಕ್ಕೆ. ಅದೂ ಹೇಗೆ? ಕೂದಲು ಕತ್ತರಿಸಬಹುದು, ಗಡ್ಡ ಹೆರೆಯುವಂತಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಪುನಃ ಬಾಗಿಲು. ಇಷ್ಟಾಗಿಯೂ 1,500 ರೂಪಾಯಿಯ ಪಟ್ಟಿಯಲ್ಲಿ ಕ್ಷೌರದವರ ಹೆಸರೇ ಇರಲಿಲ್ಲ. ಅತ್ತ ಕರ್ನಾಟಕದಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು 2020ರ ಮೇ 6ರಂದು 1,610 ಕೋಟಿಯ ಪ್ಯಾಕೇಜ್ ಘೋಷಿಸಿ, ಸುಮಾರು 2,30,000 ಕ್ಷೌರಿಕರು, 60,000 ಅಗಸರು ಮತ್ತು 7,75,000 ಆಟೋ-ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ ತಲಾ 5,000 ರೂಪಾಯಿ ಎಂದರು. ಈ ಸುದ್ದಿ ವಾಟ್ಸಾಪ್‌ನಲ್ಲಿ ಮುಂಬಯಿಗೆ ಅದೇ ಸಂಜೆ ಮುಟ್ಟಿತು. ಕಾರ್ಕಳದ ಕಡೆಯ ನಮ್ಮ ಸೆಲೂನಿನವರು ಫೋನು ಮಾಡಿದರು. “ಊರಿನಲ್ಲಿ ನನ್ನ ಭಾವನಿಗೆ ಸಿಗ್ತದಂತೆ. ನಾನೂ ಅದೇ ಕತ್ತರಿ ಹಿಡಿಯುವವನಲ್ವಾ ಮಾರಾಯ್ರೇ, ನನ್ನದೂ ಒಂದು ಅರ್ಜಿ ಹಾಕಿ ನೋಡುವ.”

ಹಾಕುವುದೆಂತು? ಅದು ಕರ್ನಾಟಕದೊಳಗೆ ಆ ವೃತ್ತಿ ಮಾಡುವವರಿಗೆ; ಅಲ್ಲಿನ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ, ವೃತ್ತಿಗೆ ಅಲ್ಲಿಯದೇ ಪ್ರಮಾಣಪತ್ರ. ಇವರ ಅಂಗಡಿ ಇರುವುದು ಇಲ್ಲಿ. ಇಲ್ಲಿಯಾದರೂ ಕಾಗದ ನೆಟ್ಟಗಿತ್ತೇ ಎಂದರೆ ಗುಮಾಸ್ತಾ ಲೈಸೆನ್ಸ್ ಹಳೆಯ ಮಾಲೀಕನ ಹೆಸರಿನಲ್ಲೇ ಇತ್ತು. ಹದಿನೆಂಟು ವರ್ಷ ದುಡಿದ ಮನುಷ್ಯ ಎರಡು ರಾಜ್ಯಗಳ ಲೆಕ್ಕದಲ್ಲೂ ಕ್ಷೌರಿಕನಲ್ಲ. ಸೆಲೂನಿನ ನಲ್ಲಿ ಬಿಲ್ಲು, ವಿದ್ಯುತ್ ಬಿಲ್ಲು, ಬಾಡಿಗೆಗಳು ಮಾತ್ರ ಅವರನ್ನು ಮರೆಯಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸರ್ಕಾರಗಳಿಗೆ ಗಡಿ ದಾಟಲು ಸಾಧ್ಯವಾಗಿತ್ತು. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ 2020ರ ಜನವರಿ 1ರಿಂದ ಜೊತೆಗೂಡಿದ 12 ರಾಜ್ಯಗಳಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಇದ್ದವು. ಊರಿನ ಕಾರ್ಡು ತೋರಿಸಿ, ಹೆಬ್ಬೆಟ್ಟು ಒತ್ತಿ, ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿ ತೆಗೆದುಕೊಳ್ಳಬಹುದಿತ್ತು. ಗೊತ್ತಿದ್ದವರು ಕೆಲವರೇ, ಯಂತ್ರದಲ್ಲಿ ಹೆಬ್ಬೆಟ್ಟು ಹೊಂದಿದವರು ಇನ್ನೂ ಕೆಲವರು. ಆದರೂ ಅಕ್ಕಿ-ಗೋಧಿಗೆ ಆಗುವುದು ನಗದಿಗೆ ಏಕೆ ಆಗಲಿಲ್ಲ ಎಂದು ನಾನು ಈಗಲೂ ಕೇಳುತ್ತೇನೆ.

ಬೀದಿ ವ್ಯಾಪಾರಿಗಳಿಗೆ ಕೇಂದ್ರ ತಂದದ್ದು ಪ್ರಧಾನಮಂತ್ರಿ ಸ್ವನಿಧಿ. 2020ರ ಜೂನ್ 1ರಂದು ಜಾರಿಗೆ ಬಂತು. 10,000 ರೂಪಾಯಿ, ಅಡವಿಲ್ಲ, ವರ್ಷದೊಳಗೆ ಕಂತಿನಲ್ಲಿ ತೀರಿಸಬೇಕು, ಸಕಾಲಕ್ಕೆ ಕಟ್ಟಿದರೆ ಬಡ್ಡಿಯಲ್ಲಿ ಶೇಕಡಾ 7 ಮರಳಿ ಖಾತೆಗೆ, ಡಿಜಿಟಲ್ ಪಾವತಿ ಮಾಡಿದರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್. ತೀರಿಸಿದವರಿಗೆ ಮುಂದೆ 20,000, ಆಮೇಲೆ 50,000. ಗಮನಿಸಿ, ಇದು ನೆರವಲ್ಲ, ಸಾಲ. ಗಿರಾಕಿಯೇ ಇಲ್ಲದ ರಸ್ತೆಯಲ್ಲಿ ಕೂತವನಿಗೆ ಸಾಲ ಕೊಟ್ಟರೆ ಏನು ಮಾರುತ್ತಾನೆ ಎಂದು ಆಗ ನಾನೂ ಗೊಣಗಿದ್ದುಂಟು. ಆದರೆ ಬ್ಯಾಂಕಿನವನ ಕಣ್ಣಿನಿಂದ ನೋಡಿದರೆ ಯೋಜನೆಯ ಲೆಕ್ಕ ಚೆನ್ನಾಗಿಯೇ ಇದೆ. ನಮ್ಮ ಹೂವಿನಾಕೆ ಬಡ್ಡಿ ವ್ಯಾಪಾರಿಯಿಂದ ಹತ್ತು ಸಾವಿರಕ್ಕೆ ಬರೆದುಕೊಟ್ಟು ಎಂಟೂವರೆ ಸಾವಿರ ಕೈಗೆ ಪಡೆದು, ದಿನಕ್ಕೆ ನೂರರಂತೆ ನೂರು ದಿನ ಕಟ್ಟುತ್ತಿದ್ದಳು. ಮೂರು ಚಿಲ್ಲರೆ ತಿಂಗಳಿಗೆ ಒಂದೂವರೆ ಸಾವಿರ ಬಡ್ಡಿ! ಸ್ವನಿಧಿಯ ಕಂತು ತಿಂಗಳಿಗೆ ಸಾವಿರದ ಒಳಗೆ.

ಈಕೆ ಇಂಡಿ ತಾಲ್ಲೂಕಿನವಳು. ಬೆಳಗಿನ ಜಾವ ದಾದರ್ ಹೂವಿನ ಮಾರುಕಟ್ಟೆಯಿಂದ ಸರಕು ತಂದು ಸ್ಟೇಷನ್ ಮೆಟ್ಟಿಲ ಪಕ್ಕ ಕೂರುವುದು ಇಪ್ಪತ್ತು ವರ್ಷದ ರೂಢಿ. ಯೋಜನೆಯ ಶರತ್ತು 2020ರ ಮಾರ್ಚ್ 24ಕ್ಕೆ ಮೊದಲೇ ವ್ಯಾಪಾರದಲ್ಲಿರಬೇಕು ಎಂದು. ಇದ್ದಳು, ಇಡೀ ಸ್ಟೇಷನ್ನಿಗೆ ಗೊತ್ತು. ಕಾಗದದಲ್ಲಿ ಇರಲಿಲ್ಲ. “ಸಾಹೇಬ್ರ, ನಾ ಹೂ ಮಾರ್ತೀನಿ ಅನ್ನೂದು ದಂಡ ಹಾಕಾಕ ಗೊತ್ತೈತಿ, ರೊಕ್ಕ ಕೊಡಾಕ ಗೊತ್ತಿಲ್ಲೇನ್ರಿ?” ಎಂದಳು. ಆ ಮಾತಿನಿಂದಲೇ ನನಗೆ ದಾರಿ ಹೊಳೆಯಿತು.

ಸರ್ವೆಯಲ್ಲಿ ಬಿಟ್ಟುಹೋದವರಿಗೂ ಪಾಲಿಕೆ ಶಿಫಾರಸು ಪತ್ರ ಕೊಡಬಹುದೆಂದು ಸ್ವನಿಧಿಯ ಮಾರ್ಗಸೂಚಿಯಲ್ಲೇ ಇದೆ. ಅದಕ್ಕೆ ಆಧಾರವಾಗಿ ವ್ಯಾಪಾರಿಗಳ ಸಂಘದ ಸದಸ್ಯತ್ವ, ವ್ಯಾಪಾರ ಮಾಡುತ್ತಿದ್ದುದಕ್ಕೆ ಕೈಯಲ್ಲಿರುವ ಯಾವುದೇ ಕಾಗದ, ಸ್ಥಳೀಯ ವಿಚಾರಣೆ ಇವೆಲ್ಲ ಆಗುತ್ತವೆ. ಪತ್ರವನ್ನು 15 ದಿನದೊಳಗೆ ಕೊಡಬೇಕು. ಹೂವಿನಾಕೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದ ಪಾಲಿಕೆಯ ದಂಡದ ಪಾವತಿಗಳನ್ನು ತಂದಳು. ಅವನ್ನೇ ವರ್ಷದ ಪ್ರಕಾರ ಜೋಡಿಸಿ, ಜೆರಾಕ್ಸ್ ಮಾಡಿಸಿ ಅರ್ಜಿಗೆ ಲಗತ್ತಿಸಿದೆವು. ಮಾರ್ಗಸೂಚಿಯ ಇನ್ನೊಂದು ಕಲಮು ಓದಿದಾಗ ನಗು ಬಂತು: ಲಾಕ್‌ಡೌನಿನಲ್ಲಿ ಯಾವುದಾದರೂ ರಾಜ್ಯ ಒಂದು ಬಾರಿಯ ನೆರವು ಕೊಟ್ಟಿದ್ದರೆ ಆ ಪಟ್ಟಿಯಲ್ಲಿ ಹೆಸರಿರುವುದೂ ಪುರಾವೆಯೇ. ಕರ್ನಾಟಕದ 2021ರ ಪ್ಯಾಕೇಜಿನಲ್ಲಿ ಬೀದಿ ವ್ಯಾಪಾರಿಗಳಿಗೆ ಕೊಟ್ಟ 2,000 ರೂಪಾಯಿ ಮತ್ತೆ ಆತ್ಮನಿರ್ಭರ ನಿಧಿಯಲ್ಲಿ ನೋಂದಣಿಯಾದವರಿಗೆ. ಒಮ್ಮೆ ಪಟ್ಟಿಯೊಳಗೆ ಸೇರಿದರೆ ಒಂದು ನೆರವು ಇನ್ನೊಂದಕ್ಕೆ ಸಾಕ್ಷಿ. ಹೊರಗಿದ್ದವನು ಎರಡಕ್ಕೂ ಹೊರಗೇ.

ಹದಿನೈದು ದಿನದ ಪತ್ರ ಬರಲು ಒಂದೂವರೆ ವರ್ಷ ಹಿಡಿಯಿತು. ಆಮೇಲೆ ಬ್ಯಾಂಕಿನ ಶಾಖೆಯೊಂದರಲ್ಲಿ ಜಾಮೀನುದಾರನನ್ನು ಕರೆತರಲು ಹೇಳಿದರು. ನಾನು ಮಾರ್ಗಸೂಚಿಯ ಪ್ರತಿ ಹಿಡಿದುಕೊಂಡು ಜೊತೆಗೆ ಹೋದೆ. ನನ್ನ ಬ್ಯಾಂಕ್ ಜೀವನದ ಅನುಭವದಲ್ಲಿ ಹೇಳುವುದಾದರೆ, ಕೌಂಟರಿನ ಈಚೆ ನಿಂತು ನಿಯಮ ಓದಿ ಹೇಳುವುದು ಆಚೆ ಕೂತು ಹೇಳುವುದಕ್ಕಿಂತ ಬಹಳ ಕಷ್ಟ. ಹಣ ಖಾತೆಗೆ ಬಿದ್ದದ್ದು 2022ರ ಗಣಪತಿ ಹಬ್ಬ ಕಳೆದ ಮೇಲೆ. ಅಷ್ಟರಲ್ಲಿ ಜನ ಮಾಸ್ಕ್ ತೆಗೆದು ಎಷ್ಟೋ ತಿಂಗಳಾಗಿತ್ತು.

ಇದು ಒಬ್ಬಳ ಕಥೆಯಲ್ಲ. ಮುಂಬಯಿ ಪಾಲಿಕೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಬೆನ್ನಿಗೇ ಸರ್ವೆ ಮಾಡಿದಾಗ ಸುಮಾರು 99 ಸಾವಿರ ಅರ್ಜಿ ಬಂದಿದ್ದವು; ಪರಿಶೀಲನೆಯಲ್ಲಿ ಅರ್ಹರೆಂದು ಉಳಿದವರು ಸುಮಾರು 15 ಸಾವಿರ. ಕೇಳಿದ ಕಾಗದಗಳಲ್ಲಿ ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರವೂ ಒಂದು. ಹೊರರಾಜ್ಯದಿಂದ ಬಂದು ಜೋಪಡಿಯಿಂದ ಜೋಪಡಿಗೆ ಮನೆ ಬದಲಿಸಿದವರು ಅದನ್ನು ತರುವುದು ಹೇಗೆ? ಇತ್ತ 2023ರ ಜನವರಿ 19ರಂದು ಪ್ರಧಾನಿ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಬಂದಾಗ ನಗರದ ಒಂದು ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳಿಗೆ ಸ್ವನಿಧಿ ಸಾಲ ಮಂಜೂರಾಗಿತ್ತು. ವ್ಯಾಪಾರಿ ಎಂದು ಸರ್ವೆ ಒಪ್ಪಿದ್ದು 15 ಸಾವಿರ ಜನರನ್ನು, ಸಾಲಗಾರ ವ್ಯಾಪಾರಿ ಎಂದು ಒಪ್ಪಿದ್ದು ಲಕ್ಷ ಜನರನ್ನು. ಸಾಲ ತೀರಿಸುವಾಗ ವ್ಯಾಪಾರಿ, ಪಾಲಿಕೆಯ ಗಾಡಿ ಬಂದಾಗ ಅತಿಕ್ರಮಣದಾರ.

ಹೊರದೇಶದಲ್ಲಿ ಎಲ್ಲ ಸರಿಯಿತ್ತೇ? ಬ್ರಿಟನ್ ಸ್ವಂತ ಉದ್ಯೋಗದವರಿಗೆ 2020ರ ಮೇ ತಿಂಗಳಿಂದ ಅವರ ಸರಾಸರಿ ಲಾಭದ ಶೇಕಡಾ 80ರಷ್ಟನ್ನು, ಮೂರು ತಿಂಗಳಿಗೆ ಗರಿಷ್ಠ 7,500 ಪೌಂಡ್, ಮರಳಿಸಬೇಕಿಲ್ಲದ ಹಣವಾಗಿ ಕೊಟ್ಟಿತು. ಅಲ್ಲಿ ನಷ್ಟಕ್ಕೆ ಹತ್ತಿರದ ಒಂದು ಲೆಕ್ಕವಿತ್ತು. ಆದರೆ ಲೆಕ್ಕದ ಆಧಾರ ಹಿಂದಿನ ವರ್ಷಗಳ ತೆರಿಗೆ ರಿಟರ್ನ್; 2019ರ ಏಪ್ರಿಲ್ ಬಳಿಕ ಹೊಸದಾಗಿ ಕೆಲಸ ಶುರುಮಾಡಿದವರು ಮೊದಲ ಕಂತುಗಳಲ್ಲಿ ಹೊರಗುಳಿದರು. ನಮ್ಮಲ್ಲಿ ತೆರಿಗೆ ರಿಟರ್ನ್ ಕೇಳಿದ್ದರೆ ಈ ಮೇಜಿಗೆ ಬಂದ ಒಬ್ಬರೂ ಉಳಿಯುತ್ತಿರಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಸಂಕಟದ ಕಾಲದಲ್ಲಿ 1,500 ರೂಪಾಯಿ ಕೊಡಲು ಸ್ವಯಂ ಘೋಷಣೆ, ನೆರೆಹೊರೆಯ ಇಬ್ಬರ ಸಾಕ್ಷಿ ಸಾಕು. ನೂರರಲ್ಲಿ ಹತ್ತು ಜನ ಸುಳ್ಳು ಹೇಳಿದರೂ ಉಳಿದ ತೊಂಬತ್ತು ಮಂದಿಗೆ ಸಮಯಕ್ಕೆ ತಲುಪುತ್ತದೆ.

ಈಗ ಮಾಡಬಹುದಾದದ್ದು ಪಟ್ಟಿಯೊಳಗೆ ಸೇರಿಕೊಳ್ಳುವುದು. ಇ-ಶ್ರಮ್ ಪೋರ್ಟಲ್ 2021ರ ಆಗಸ್ಟ್ 26ರಂದು ಶುರುವಾಯಿತು. ಯಾವ ರಾಜ್ಯದಲ್ಲಿದ್ದರೂ ಅದೇ ಹನ್ನೆರಡು ಅಂಕಿಯ ಸಂಖ್ಯೆ. ಅದರಿಂದ ತಿಂಗಳಿಗಿಷ್ಟು ಹಣ ಬರುತ್ತದೆ ಎಂದು ಏಜೆಂಟರು ಹೇಳಿದರೆ ನಂಬಬೇಡಿ, ಆದರೆ ಕಾರ್ಡು ಮಾಡಿಸಿಕೊಳ್ಳಿ. ಸ್ವನಿಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಲು ಕೇಂದ್ರ 2025ರ ಆಗಸ್ಟ್‌ನಲ್ಲಿ ಒಪ್ಪಿದೆ. ಮೊದಲ ಸಾಲ 15,000, ಎರಡನೆಯದು 25,000 ಆಗಿದೆ. ಹೂವಿನಾಕೆ ಎರಡು ಸಾಲ ತೀರಿಸಿ ಮೂರನೆಯದಕ್ಕೆ ಅರ್ಜಿ ಹಾಕಿದ್ದಾಳೆ. ಸೆಲೂನಿನವರು ಗುಮಾಸ್ತಾವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು.

ನಮ್ಮ ಸಂಘದ ಮೇಜು ಈಗಲೂ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇರುತ್ತದೆ. ನಿಮ್ಮ ಬಿಲ್ಡಿಂಗಿನ ಕೆಳಗೆ ಇಸ್ತ್ರಿ ಮಾಡುವವರೋ, ತರಕಾರಿ ಮಾರುವವರೋ ಕನ್ನಡ ಮಾತಾಡುವವರಿದ್ದರೆ ಕೇಳಿ ನೋಡಿ. ನಿಮ್ಮ ಹತ್ತಿರದ ಸಂಘದಲ್ಲೂ ಇಂಥ ಒಂದು ಮೇಜು ಹಾಕಬಹುದು. ಬರುವವರು ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಪಾಸ್‌ಬುಕ್ಕು ತರಲಿ. ಹಳೆಯ ದಂಡದ ಪಾವತಿಗಳಿದ್ದರೆ ಅವನ್ನೂ ಎಸೆಯದೆ ತರಲಿ.