ಜೊತೆಗೆ ಓಡುವವನ ಕೆಲಸ

ಮುಂಗಾರು ಹೆಸರು ಬಿಡಿಸುವ ಕಾಲ. ನಮ್ಮ ಇಟಗಿಯ ಎರೆಹೊಲಗಳ ನಡುವಿನ ಬಂಡಿದಾರಿಯಲ್ಲಿ ನಾನೂ ನನ್ನ ಬಾಲ್ಯದ ಗೆಳೆಯನೂ ಬೆಳಗಿನ ಜಾವ ಓಡುತ್ತಿದ್ದರೆ, ಹೊಲಕ್ಕೆ ಹೊರಟ ಹಿರಿಯರು ನಿಂತು ಕೇಳುತ್ತಿದ್ದರು: “ಯಾರರ ಬೆನ್ನ ಹತ್ಯಾರೇನ್ರೋ?” ಮಳೆ ಬಂದ ಮರುದಿನವಂತೂ ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕಲ್ಲಿನಷ್ಟು ಭಾರವಾಗುತ್ತಿತ್ತು. ಭೀಮಾಂಬಿಕೆಯ ದರ್ಶನಕ್ಕೆ ದೂರದೂರದಿಂದ ನಡೆದು ಬರುವವರನ್ನು ಕಂಡು ಬೆಳೆದ ಊರು ನಮ್ಮದು. ಕಾಲ್ನಡಿಗೆ ಇಲ್ಲಿ ಹೊಸ ಸಂಗತಿಯಲ್ಲ. ಆದರೆ ಹರಕೆಯೂ ಇಲ್ಲದೆ, ಬಹುಮಾನದ ಆಸೆಯೂ ಇಲ್ಲದೆ ಎಂಬತ್ತು ಕಿಲೋಮೀಟರು ಓಡಲು ಹೊರಟವನನ್ನು ಊರು ಅದುವರೆಗೆ ಕಂಡಿರಲಿಲ್ಲ.

ಗುಡ್ಡ, ಕಾಡು, ತೋಟಗಳ ಕಾಲುದಾರಿಯಲ್ಲಿ ನಡೆಯುವ ಇಂಥ ದೀರ್ಘ ಓಟಗಳು ಈಗ ನಮ್ಮ ರಾಜ್ಯಕ್ಕೂ ಬಂದಿವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 2016ರಲ್ಲಿ ಆರಂಭವಾದ ‘ಮಲ್ನಾಡ್ ಅಲ್ಟ್ರಾ’ ಅವುಗಳಲ್ಲಿ ಹೆಸರಾದದ್ದು. ಇವುಗಳ ಮೂಲವನ್ನು ಹುಡುಕುತ್ತ ಹೋದರೆ ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ತಲುಪುತ್ತೇವೆ. ಅಲ್ಲಿ ಕುದುರೆ ಸವಾರರಿಗಾಗಿ ನಡೆಯುತ್ತಿದ್ದ ನೂರು ಮೈಲಿಯ ಸ್ಪರ್ಧೆಯಲ್ಲಿ 1974ರಲ್ಲಿ ಗೋರ್ಡಿ ಐನ್ಸ್‌ಲೀ ಎಂಬಾತನು ಕುದುರೆಯಿಲ್ಲದೆ ತಾನೇ ಓಡಿ, 23 ಗಂಟೆ 42 ನಿಮಿಷಗಳಲ್ಲಿ ಗುರಿ ಮುಟ್ಟಿದನು. ಅದೇ ಮುಂದೆ ‘ವೆಸ್ಟರ್ನ್ ಸ್ಟೇಟ್ಸ್’ ಓಟವಾಯಿತು. ಅಲ್ಲಿ ಸುಮಾರು ನೂರು ಕಿಲೋಮೀಟರು ಕಳೆದ ಮೇಲೆ ಓಟಗಾರನ ಜೊತೆಗೆ ಒಬ್ಬ ಗೆಳೆಯನು ಓಡಬಹುದು. ಇವನಿಗೆ ಪೇಸರ್ ಎಂದು ಹೆಸರು. ಯುರೋಪಿನ ಮೋಂಬ್ಲಾಂ ಪರ್ವತವನ್ನು ಸುತ್ತುವ ಪ್ರಸಿದ್ಧ ಓಟದಲ್ಲಿ ಮಾತ್ರ ಅವನಿಗೆ ಪ್ರವೇಶವಿಲ್ಲ. ಒಂಟಿಯಾಗಿ ಓಡುವುದೇ ಅಲ್ಲಿಯ ಧರ್ಮ.

ಶಿಲುಬೆಯ ಹಾದಿಯಲ್ಲಿ ಭಾರಕ್ಕೆ ಹೆಗಲು ಕೊಟ್ಟ ಸಿರೇನಿನ ಸಿಮೋನನ ನೆನಪು ಓದುಗರಿಗೆ ಬರಬಹುದು. ನನಗೂ ಬಂದಿತ್ತು. ಆದರೆ ಪೇಸರನು ಭಾರ ಹೊರುವಂತಿಲ್ಲ! ಗೆಳೆಯನ ಚೀಲವನ್ನಾಗಲಿ ನೀರಿನ ಬಾಟಲಿಯನ್ನಾಗಲಿ ಹಿಡಿದುಕೊಳ್ಳುವುದು ಬಹುತೇಕ ಓಟಗಳಲ್ಲಿ ನಿಷಿದ್ಧ. ಹಾಗಾದರೆ ಅವನ ಕೆಲಸವೇನು? ದಾರಿಯ ಗುರುತು ತಪ್ಪದಂತೆ ನೋಡುವುದು, ಗಡಿಯಾರ ಲೆಕ್ಕ ಹಾಕುವುದು, ತಿನ್ನಲು ಮನಸ್ಸಿಲ್ಲದವನಿಗೆ ತಿನ್ನಿಸುವುದು. ಇಷ್ಟೇ ಎಂದುಕೊಂಡು ಹೋದವನು ನಾನು.

ಕಾಫಿ ಸೀಮೆಯ ಒಂದು ಓಟ. ಐವತ್ತನೆಯ ಕಿಲೋಮೀಟರಿನಲ್ಲಿ, ಕತ್ತಲಾಗುವ ಹೊತ್ತಿಗೆ, ನಾನು ಅವನನ್ನು ಕೂಡಿಕೊಂಡೆ. ಕಾಲಿಗೆ ಜಿಗಣೆ ಹತ್ತಿ ರಕ್ತ ಸೋರುತ್ತಿದ್ದರೂ ಹುಮ್ಮಸ್ಸಿನಲ್ಲಿದ್ದ. ಹತ್ತು ಕಿಲೋಮೀಟರು ಮಾತಾಡುತ್ತಲೇ ಸಾಗಿದೆವು. ಆಮೇಲೆ ಮಾತು ನಿಂತಿತು. ಏರಿನ ನಡುವೆ ಒಂದು ಕಲ್ಲಿನ ಮೇಲೆ ಕುಳಿತವನು, “ಸಾಕಪ್ಪಾ, ಇನ್ನ ಆಗೂದಿಲ್ಲ” ಎಂದ. ತಲೆಯ ಮೇಲಿನ ದೀಪದ ಬೆಳಕಿನಲ್ಲಿ ಅವನ ಮುಖ ಬೂದಿಯಂತೆ ಕಾಣುತ್ತಿತ್ತು.

ದೇಹದಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ತೀರಿದಾಗ ಕಾಲಿಗಿಂತ ಮೊದಲು ಮನಸ್ಸೇ ಕುಸಿಯುತ್ತದೆ. ಆಗ ಬರುವ ನಿರಾಶೆಯು ನಿಜವಾದ ನಿರಾಶೆಯಲ್ಲ, ಹಸಿವಿನದು. ನೀರನ್ನೇ ಕುಡಿಸಿ ಉಪ್ಪು ಮರೆತರೆ ಅದೂ ಅಪಾಯ. ರಕ್ತದಲ್ಲಿಯ ಉಪ್ಪಿನಂಶ ಇಳಿದು ಪ್ರಾಣಕ್ಕೇ ಸಂಚಕಾರ ಬಂದ ಉದಾಹರಣೆಗಳಿವೆ. ನಾನು ಉಪದೇಶ ಮಾಡಲಿಲ್ಲ. ಅವನ ಚೀಲದಲ್ಲಿದ್ದ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿಸಿ, ತುಂಡು ತುಂಡಾಗಿ ತಿನ್ನಿಸಿದೆ. ಹದಿನೈದು ನಿಮಿಷ ಸುಮ್ಮನೆ ಕುಳಿತೆವು. “ಆ ತಿರುವಿನ ತನಕ ನಡಿ, ಅಲ್ಲಿ ನೋಡೋಣು” ಎಂದೆ. ತಿರುವಿನಿಂದ ಇನ್ನೊಂದು ತಿರುವು. ಅವನು ಮತ್ತೆ ಓಡತೊಡಗಿದಾಗ ನನ್ನ ಹೆಮ್ಮೆಗೆ ಪಾರವಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ.

ಎಪ್ಪತ್ತನೆಯ ಕಿಲೋಮೀಟರಿನ ಸುಮಾರಿಗೆ ಮಳೆ ಹಿಡಿಯಿತು. ಮೇಲಿನ ಬೋಳುಗುಡ್ಡದಲ್ಲಿ ಗಾಳಿಯೂ ಬೀಸಿತು. ಈಗ ಅವನು ನಿಲ್ಲುವ ಮಾತನ್ನೇ ಆಡುತ್ತಿರಲಿಲ್ಲ. ಅದೇ ನನಗೆ ಭಯವಾಯಿತು. ನಡುಗುತ್ತಿದ್ದ. ಚೀಲದ ಗುಂಡಿ ಹಾಕಲು ಬೆರಳುಗಳು ಒಪ್ಪುತ್ತಿರಲಿಲ್ಲ. ಏಳನೆಯ ಇಯತ್ತೆಯಲ್ಲಿ ನಮ್ಮ ನಡುವೆ ಕೂಡುತ್ತಿದ್ದ ಹುಡುಗನ ಹೆಸರನ್ನು ಕೇಳಿದೆ. ಅವನು ಹೇಳಿದ್ದು ತನ್ನ ತಮ್ಮನ ಹೆಸರು. ಅದೂ ತೊದಲುತ್ತ.

ಚೀನಾದ ಗಾನ್ಸು ಪ್ರಾಂತದಲ್ಲಿ 2021ರ ಮೇ 22ರಂದು ನಡೆದ ನೂರು ಕಿಲೋಮೀಟರಿನ ಗುಡ್ಡದ ಓಟದಲ್ಲಿ ಹಠಾತ್ತನೆ ಬಂದ ಆಲಿಕಲ್ಲು ಮಳೆ, ಚಳಿಗಾಳಿಗಳಿಗೆ ಸಿಕ್ಕು 21 ಓಟಗಾರರು ಅಸುನೀಗಿದರು. ನುರಿತವರೂ ಅವರಲ್ಲಿದ್ದರು. ಝು ಕೆಮಿಂಗ್ ಎಂಬ ಕುರಿಗಾಹಿಯೊಬ್ಬನು ತಾನು ತಂಗಿದ್ದ ಗುಹೆಗೆ ಆರು ಮಂದಿಯನ್ನು ಸೇರಿಸಿ, ಬೆಂಕಿ ಹಾಕಿ, ಹೊದಿಕೆ ಹೊದಿಸಿ ಬದುಕಿಸಿದನು. ಓದಿ ಮರೆತಿದ್ದ ಈ ಸುದ್ದಿಯು ಆ ಗುಡ್ಡದ ಮೇಲೆ ನನಗೆ ಅಕ್ಷರಶಃ ನೆನಪಾಯಿತು.

ಮುಂದಿನ ನೀರಿನ ನಿಲ್ದಾಣದಲ್ಲಿ, ಗುರಿಗೆ ಇನ್ನು ಆರೇ ಕಿಲೋಮೀಟರು ಇರುವಾಗ, ಅವನನ್ನು ಕೂರಿಸಿ ಅಲ್ಲಿದ್ದವರಿಗೆ “ಇವರ ಓಟ ಮುಗಿಯಿತು” ಎಂದು ನಾನೇ ಹೇಳಿದೆ. ಅವನು ಎದ್ದು ಹೋಗಲು ನೋಡಿದ. ತೋಳು ಹಿಡಿದೆ. “ಇದಕ್ಕ ನಿನ್ನ ಕರಕೊಂಡು ಬಂದ್ನೇನು?” ಎಂದ. ವೈದ್ಯರು ನೋಡಿ ಒಣಬಟ್ಟೆ ತೊಡಿಸಿದರು. ತೆಳ್ಳನೆಯ ಹೊದಿಕೆಯಲ್ಲಿ ನಡುಗುತ್ತ ಕುಳಿತವನು ಬೆಳಗಾಗುವ ತನಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತ. ನಾನು ಅವಸರಪಟ್ಟೆನೇ? ಬಿಸಿಯದೇನಾದರೂ ಕುಡಿಸಿ ಅರ್ಧ ಗಂಟೆ ಕಾದಿದ್ದರೆ? ಎರಡು ತಿಂಗಳು ಈ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಮೊದಲನೆಯ ಸಲ ಎಬ್ಬಿಸಿದ್ದೂ ನಾನೇ, ಎರಡನೆಯ ಸಲ ಕೂರಿಸಿದ್ದೂ ನಾನೇ.

ಜೊತೆಗೆ ಓಡುವುದನ್ನೇ ಬದುಕಾಗಿಸಿಕೊಂಡವರ ಬಗ್ಗೆ ಆ ದಿನಗಳಲ್ಲಿ ಹುಡುಕಿ ಓದಿದೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅಂಧ ಓಟಗಾರ್ತಿ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿಯೂ 2023ರಲ್ಲಿ ನಡೆದ ಹಾಂಗ್‌ಝೌ ಕ್ರೀಡೆಗಳಲ್ಲಿಯೂ 1500 ಮೀಟರಿನಲ್ಲಿ ಚಿನ್ನ ಗೆದ್ದು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸಿಗೂ ಹೋದವಳು. ಅವಳ ಕೈಗೂ ಮಾರ್ಗದರ್ಶಿ ರಾಹುಲ್ ಬಾಲಕೃಷ್ಣ ಅವರ ಕೈಗೂ ನಡುವೆ ಒಂದು ಗೇಣಿನ ಹಗ್ಗ. ಮಾರ್ಗದರ್ಶಿಯು ಅವಳಿಗಿಂತ ಗಟ್ಟಿ ಓಟಗಾರನಿರಬೇಕು, ಆದರೆ ಗುರಿಯ ಗೆರೆಯನ್ನು ಅವಳಿಗಿಂತ ಮೊದಲು ದಾಟುವಂತಿಲ್ಲ. ಅದೇ ಪ್ಯಾರಿಸ್ಸಿನ ಮ್ಯಾರಥಾನಿನಲ್ಲಿ ಸ್ಪೇನಿನ ಎಲೆನಾ ಕೊಂಗೋಸ್ತ್ ಮೂರನೆಯವಳಾಗಿ ಬರುತ್ತಿದ್ದಳು. ಗೆರೆಗೆ ಕೆಲವೇ ಹೆಜ್ಜೆಗಳಿರುವಾಗ ಮಾರ್ಗದರ್ಶಿಯ ಕಾಲು ಸೆಟೆದು ಬೀಳುವಂತಾದಾಗ, ಅವನನ್ನು ಹಿಡಿಯಲು ಕ್ಷಣಹೊತ್ತು ಹಗ್ಗ ಬಿಟ್ಟಳು. ನಿಯಮದ ಪ್ರಕಾರ ಅಂದು ಅವಳನ್ನು ಅನರ್ಹಳೆಂದು ಸಾರಲಾಯಿತು. ನಿಯಮ ನಿಯಮವೇ ಇರಬಹುದು. ನನಗಂತೂ ಆ ತೀರ್ಪು ಹಿಡಿಸಲಿಲ್ಲ.

ಎಳ್ಳ ಅಮಾವಾಸ್ಯೆಗೆ ಗೆಳೆಯನ ತಾಯಿ ಎಂದಿನಂತೆ ನಮ್ಮ ಮನೆಗೆ ಹೇಳಿ ಕಳಿಸಿದರು. ಹೋಗಲೋ ಬೇಡವೋ ಎಂದು ಅಳುಕುತ್ತಲೇ ಅವರ ಹೊಲಕ್ಕೆ ಹೋದೆ. ಚರಗ ಚೆಲ್ಲಿ ಬಂದವನು ನನ್ನ ಪಕ್ಕದಲ್ಲೇ ಕುಳಿತು, ಸಜ್ಜೆರೊಟ್ಟಿ ಮುರಿಯುತ್ತ ಬಹಳ ಹೊತ್ತು ಜೋಳದ ತೆನೆಗಳನ್ನು ನೋಡಿದ.

“ಮುಂದಿನ ವರ್ಷಕ್ಕ ಹೆಸರ ಕೊಟ್ಟೇನಿ. ಬರ್ತೀಯೇನು?”

“ಮತ್ತ ಕುಂದರಸೂ ಪ್ರಸಂಗ ಬಂದ್ರ?”

“ಬಂದ್ರ ಕುಂದರಸು,” ಎಂದ. “ಆದ್ರ ಕಂಬಳಿ ಮಾತ್ರ ನಮ್ಮೂರಿಂದನ ತಗೊಂಡು ಬಾ.”