ಮರಳಿಗೆ ಹೆದರಿ ಜಾಗ ಬದಲಿಸಿದ ಠಾಣೆ
ನಿಮಗಿದು ಗೊತ್ತೆ? ಅಮೆರಿಕದ ಮಿಷಿಗನ್ ಸರೋವರದ ದಡದಲ್ಲಿ, ಸ್ಲೀಪಿಂಗ್ ಬೇರ್ ಮರಳುದಿಬ್ಬಗಳ ಪಕ್ಕ, ಗ್ಲೆನ್ ಹೇವನ್ ಎಂಬ ಪುಟ್ಟ ಹಳ್ಳಿಯಿದೆ. ಹಿಂದೆ ಉಗಿಹಡಗುಗಳು ಸೌದೆ ತುಂಬಿಕೊಳ್ಳಲು ಇಲ್ಲಿ ನಿಲ್ಲುತ್ತಿದ್ದವು. ಬಿರುಗಾಳಿಗೆ ಸಿಕ್ಕ ನಾವಿಕರನ್ನು ಕಾಪಾಡಲು 1901ರಲ್ಲಿ ಸಮೀಪದ ಭೂಶಿರದಲ್ಲಿ ರಕ್ಷಣಾ ಠಾಣೆಯೊಂದು ಎದ್ದಿತು. ಆದರೆ ಗಾಳಿಗೆ ಸರಿಯುತ್ತ ಬಂದ ಮರಳು ಠಾಣೆಯನ್ನೇ ಹೂತುಹಾಕುವಂತಾಯಿತು! ಅಲ್ಲಿನವರು ಎದೆಗುಂದಲಿಲ್ಲ. 1931ರಲ್ಲಿ ಕುದುರೆಗಳ ಬಲದಿಂದ ಕಟ್ಟಡಗಳನ್ನೇ ಎಳೆದು ಹಳ್ಳಿಯ ಹತ್ತಿರ ತಂದು ನಿಲ್ಲಿಸಿದರು. ಎಂಥ ಛಲ! 1935ರಿಂದ 1978ರವರೆಗೆ ಅದೇ ದಿಬ್ಬಗಳ ಮೇಲೆ ಪ್ರವಾಸಿಗರ ಮೋಟಾರು ಸವಾರಿಯೂ ನಡೆಯಿತು. ಹಳ್ಳಿಯೀಗ ರಾಷ್ಟ್ರೀಯ ಸಂರಕ್ಷಿತ ಸರೋವರ ತೀರದ ಭಾಗ. ಜಾಗ ಬದಲಿಸಿದ ಆ ಠಾಣೆ ಇಂದು ನೌಕಾ ವಸ್ತುಸಂಗ್ರಹಾಲಯ.