ಮಯ್ಯಿತ್ತಿನ ಎದೆಯಲ್ಲಿ ಮಿಷನ್ ಇದ್ದರೆ?

"ಉಸ್ತಾದ್, ಉಪ್ಪನ ಎದೆಯಲ್ಲಿ ಮಿಷನ್ ಉಂಟಲ್ಲ, ಅದನ್ನು ತೆಗೆಸಬೇಕಾ, ಹಾಗೇ ದಫನ್ ಮಾಡಬಹುದಾ?" ಮರಣದ ಮನೆಗಳಲ್ಲಿ ಈ ಪ್ರಶ್ನೆ ಈಗ ಹೊಸದಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯಿಂದ ಹೃದ್ರೋಗಿಗಳು ಶಿವಮೊಗ್ಗ, ಹಾಸನ, ಮಂಗಳೂರಿಗೆ ಹೋಗುತ್ತಾರೆ, ಇಲ್ಲವೇ ರೈಲು ಹತ್ತಿ ಬೆಂಗಳೂರಿನ ಜಯದೇವಕ್ಕೆ. ಎದೆಯ ಮೇಲ್ಭಾಗದಲ್ಲಿ, ಹೆಚ್ಚಾಗಿ ಎಡಗಡೆ, ಚರ್ಮದಡಿ ಸಣ್ಣ ಡಬ್ಬಿ ಇಟ್ಟುಕೊಂಡು ವಾಪಸಾದವರು ಈಗ ಎಲ್ಲಾ ಜಮಾಅತ್‌ಗಳಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರು ಬದುಕಿರುವಷ್ಟು ದಿನ ಅದರ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮಯ್ಯಿತ್ ಸ್ನಾನಕ್ಕೆ ನೀರು ಕಾಯಿಸುವ ಹೊತ್ತಿಗೆ ಎಲ್ಲರಿಗೂ ನೆನಪಾಗುತ್ತದೆ. ಆಗ ಕೇಳಿದರೆ ತಡವಾಗಿರುತ್ತದೆ. ಕೆಲವು ಮಾತು ಮೊದಲೇ ಆಗಬೇಕಾದದ್ದು, ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ವಿಷಯ ತಿಳಿದಿರಲಿ: ಎಲ್ಲಾ ಮಿಷನ್ ಒಂದೇ ಅಲ್ಲ. ಪೇಸ್‌ಮೇಕರ್ ಎಂಬುದು ನಿಧಾನವಾದ ಹೃದಯಕ್ಕೆ. ಹೃದಯದ ಒಳಗೇ ವಿದ್ಯುತ್ತಿನ ಒಂದು ದಾರಿ ಇದೆ, ವಯಸ್ಸಾದವರಲ್ಲಿ ಆ ದಾರಿ ಅಲ್ಲಲ್ಲಿ ಕಟ್ಟಾಗುತ್ತದೆ. ಒಂದು ನಿಮಿಷಕ್ಕೆ ಅರುವತ್ತು ಎಪ್ಪತ್ತು ಸಲ ಹೊಡೆಯಬೇಕಾದ ನಾಡಿ ನಲ್ವತ್ತಕ್ಕೆ, ಮೂವತ್ತಕ್ಕೆ ಇಳಿಯುತ್ತದೆ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. (ಇಂಥವರನ್ನು ಜಿನ್ನ್ ಬಡಿದಿದೆ, ಕಣ್ಣು ತಾಗಿದೆ ಎಂದು ನಮ್ಮ ಹತ್ತಿರ ಊದಿಸಲು ಕರೆತರುತ್ತಾರೆ. ಊದೋಣ, ದುಆ ಮಾಡೋಣ. ಆದರೆ ಅವತ್ತೇ ಒಂದು ಇಸಿಜಿ ಕೂಡ ತೆಗೆಸಿ.) ಪೇಸ್‌ಮೇಕರ್ ಹೊಡೆತ ತಪ್ಪಿದಾಗ ಒಂದು ಸಣ್ಣ ಮಿಡಿತ ಕೊಡುತ್ತದೆ, ಅಷ್ಟೇ. ನೋವಿಲ್ಲ, ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಐಸಿಡಿ. ಇದು ಹುಚ್ಚು ಹಿಡಿದಂತೆ ಓಡುವ ಹೃದಯಕ್ಕೆ. ಪ್ರಾಣ ತೆಗೆಯುವಂಥ ವೇಗದ ಬಡಿತ ಕಂಡರೆ ಒಳಗಿನಿಂದಲೇ ಶಾಕ್ ಕೊಟ್ಟು ಸರಿ ಮಾಡುತ್ತದೆ. ಎದೆಗೆ ಕುದುರೆ ಒದ್ದ ಹಾಗೆ ಎಂದು ಅನುಭವಿಸಿದವರು ಹೇಳುತ್ತಾರೆ. ಇದನ್ನು ಕಂಡುಹಿಡಿದ ಮಿಶೆಲ್ ಮಿರೊವ್‌ಸ್ಕಿ ಎಂಬ ವೈದ್ಯರ ಗುರುಗಳು ಇಂಥ ಬಡಿತದಿಂದಲೇ 1966ರಲ್ಲಿ ತೀರಿಕೊಂಡಿದ್ದರು. ಅಂಥವರ ಜೊತೆ ಯಾವಾಗಲೂ ಇರುವ ಯಂತ್ರವೊಂದು ಬೇಕು ಎಂದು ಹಟ ಹಿಡಿದರು, 1980ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ರೋಗಿಗೆ ಅಳವಡಿಸಲಾಯಿತು.

ಪೇಸ್‌ಮೇಕರ್ ಅದಕ್ಕಿಂತ ಹಳೆಯದು. 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರಿಗೆ ಮೊದಲ ಬಾರಿ ದೇಹದೊಳಗೆ ಇಟ್ಟರು. ದಿನಕ್ಕೆ ಹತ್ತಾರು ಸಲ ಪ್ರಜ್ಞೆ ತಪ್ಪುತ್ತಿದ್ದ ಗಂಡನಿಗಾಗಿ ಅವರ ಹೆಂಡತಿ ವೈದ್ಯ ಸೆನ್ನಿಂಗ್ ಮತ್ತು ಇಂಜಿನಿಯರ್ ಎಲ್ಮ್‌ಕ್ವಿಸ್ಟ್ ಇಬ್ಬರ ಬೆನ್ನು ಬಿದ್ದು ಮಾಡಿಸಿದ ಕೆಲಸ ಅದು. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಆಮೇಲೆ ಇಪ್ಪತ್ತಕ್ಕಿಂತ ಹೆಚ್ಚು ಯಂತ್ರ ಬದಲಿಸಿಕೊಂಡು 2001ರವರೆಗೆ, 86 ವರ್ಷದವರೆಗೆ ಬದುಕಿದರು. ತೀರಿಕೊಂಡದ್ದು ಹೃದಯದ ಕಾಯಿಲೆಯಿಂದಲೂ ಅಲ್ಲ.

ಈಗ ಸಕರಾತಿನ ಹೊತ್ತಿನ ವಿಷಯಕ್ಕೆ ಬರೋಣ. "ಮಿಷನ್ ಇದ್ದರೆ ರೂಹ್ ಸುಲಭದಲ್ಲಿ ಹೋಗಲ್ಲ" ಎಂಬ ಮಾತು ನಮ್ಮ ಹೆಂಗಸರಲ್ಲಿ ಉಂಟು. ಆಸ್ಪತ್ರೆಯ ಪರದೆಯಲ್ಲಿ ಗೆರೆ ಓಡುವುದನ್ನು ನೋಡಿ "ಉಮ್ಮ ಇನ್ನೂ ಇದ್ದಾರೆ" ಎಂದು ಮಕ್ಕಳು ಡಾಕ್ಟರ ಜೊತೆ ಜಗಳಕ್ಕೆ ನಿಲ್ಲುವುದೂ ಉಂಟು. ಪೇಸ್‌ಮೇಕರ್ ಯಾರ ಅಜಲನ್ನೂ ತಡೆಯುವುದಿಲ್ಲ. ಹೃದಯದ ಸ್ನಾಯು ಸತ್ತ ಮೇಲೂ ಅದು ಪಾಪ ತನ್ನ ಕೆಲಸ ಮಾಡುತ್ತಾ ಮಿಡಿತ ಕಳಿಸುತ್ತಲೇ ಇರುತ್ತದೆ, ಪರದೆಯಲ್ಲಿ ಸಣ್ಣ ಕಡ್ಡಿಯಂಥ ಗೆರೆಗಳು ಬರುತ್ತಲೇ ಇರುತ್ತವೆ. ಅದಕ್ಕೆ ಓಗೊಡುವ ಹೃದಯ ಮಾತ್ರ ಅಲ್ಲಿರುವುದಿಲ್ಲ. ಹಾಗಾಗಿ ಪೇಸ್‌ಮೇಕರನ್ನು ಕೊನೆ ಗಳಿಗೆಯಲ್ಲಿ ನಿಲ್ಲಿಸಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಐಸಿಡಿಯ ಕತೆ ಬೇರೆ. ಕ್ಯಾನ್ಸರೋ, ಕಿಡ್ನಿಯೋ, ಹೃದಯವೇ ಪೂರ್ತಿ ಸೋತದ್ದೋ, ಮನುಷ್ಯ ಹೊರಡುವ ಹೊತ್ತಿಗೆ ಬಡಿತ ತಪ್ಪುವುದು ಸಹಜ. ಅದು ಸಾವಿನ ಬಡಿತ ಎಂದು ಯಂತ್ರಕ್ಕೆ ಗೊತ್ತಿಲ್ಲ. ಸ್ವೀಡನ್ನಿನಲ್ಲಿ ತೀರಿಕೊಂಡವರ ದೇಹದಿಂದ ತೆಗೆದ 125 ಐಸಿಡಿಗಳ ನೆನಪುಪಟ್ಟಿಯನ್ನು ಓದಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲಿ ಒಬ್ಬರಿಗೆ ಕೊನೆಯ 24 ಗಂಟೆಯಲ್ಲಿ ಶಾಕ್ ಹೊಡೆದಿತ್ತು. ಮತ್ತೆ ಬದುಕಿಸುವ ಪ್ರಯತ್ನ ಬೇಡ ಎಂದು ಫೈಲಿನಲ್ಲಿ ಬರೆದಿದ್ದವರಲ್ಲೂ ಹೆಚ್ಚಿನವರ ಯಂತ್ರ ಆನ್ ಆಗಿಯೇ ಇತ್ತು! ಅದಕ್ಕೆ ಮೊದಲು, 2004ರಲ್ಲಿ, ಅಮೆರಿಕದಲ್ಲಿ ಹೀಗೆ ತೀರಿಕೊಂಡ 100 ಮಂದಿಯ ಮನೆಯವರನ್ನು ವಿಚಾರಿಸಿದ್ದರು. ಯಂತ್ರ ಆಫ್ ಮಾಡುವ ಬಗ್ಗೆ ವೈದ್ಯರು ಮಾತಾಡಿದ್ದು 27 ಮಂದಿಯ ವಿಷಯದಲ್ಲಿ ಮಾತ್ರ. ಎಂಟು ಮಂದಿಗೆ ಪ್ರಾಣ ಹೋಗುವ ಕೆಲವೇ ನಿಮಿಷ ಮೊದಲು ಶಾಕ್ ಆಗಿತ್ತು. ಕಲಿಮ ಹೇಳಿಕೊಡುತ್ತಾ ಕೂತ ಮಗನ ಕೈಯಲ್ಲಿ ಉಪ್ಪನ ಮೈ ಒಮ್ಮೆಲೇ ಎಗರಿ ಬಿದ್ದರೆ ಆ ಮನೆಯವರ ಪಾಡೇನು?

ಆಫ್ ಮಾಡುವುದು ದೊಡ್ಡ ಕೆಲಸವಲ್ಲ. ಕೊಯ್ಯಬೇಕಾಗಿಲ್ಲ, ಹೊರಗಿನಿಂದಲೇ ಕಂಪ್ಯೂಟರಿನಂಥ ಉಪಕರಣದಿಂದ ಶಾಕ್ ಭಾಗವನ್ನು ಮಾತ್ರ ನಿಲ್ಲಿಸುತ್ತಾರೆ. ತುರ್ತು ಇದ್ದರೆ ಅಯಸ್ಕಾಂತ ಇಟ್ಟು ತಾತ್ಕಾಲಿಕವಾಗಿ ತಡೆಯುತ್ತಾರೆ. ಇದು ಕೊಂದ ಹಾಗಲ್ಲವೇ ಎಂದು ಕೇಳುತ್ತಾರೆ. ಅಲ್ಲ. ಆಫ್ ಮಾಡಿದ್ದರಿಂದ ಯಾರೂ ಅಲ್ಲೇ ಸಾಯುವುದಿಲ್ಲ, ಕಾಯಿಲೆ ತನ್ನ ದಾರಿ ಹಿಡಿಯುತ್ತದೆ. ಗುಣವಾಗುವ ಆಸೆಯೇ ಉಳಿಯದಾಗ, ನೋವು ಮಾತ್ರ ಕೊಡುವ ಚಿಕಿತ್ಸೆಯನ್ನು ಬಿಡುವುದು ಬೇರೆ, ಪ್ರಾಣ ತೆಗೆಯುವುದು ಬೇರೆ. ಮಿದುಳು ಸಂಪೂರ್ಣ ನಿಂತ ಮೇಲೆ ಜೀವರಕ್ಷಕ ಯಂತ್ರ ತೆಗೆಯಬಹುದೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿ ತೀರ್ಮಾನಿಸಿತ್ತು. ಐಸಿಡಿಯ ವಿಷಯ ಅಷ್ಟು ಕಠಿಣವಾದದ್ದೂ ಅಲ್ಲ ಎಂದು ನಮ್ಮ ಅನಿಸಿಕೆ. ಆದರೆ ಇದನ್ನು ಮನೆಯವರು ಬಾಯಿ ಬಿಟ್ಟು ಕೇಳಬೇಕು, ರೋಗಿಗೆ ಪ್ರಜ್ಞೆ ಇರುವಾಗ ಅವರನ್ನೇ ಕೇಳಬೇಕು.

ಮರಣವಾಯಿತು, ಮುಂದೇನು? ಸ್ನಾನಕ್ಕೆ ಯಾವ ತೊಂದರೆಯೂ ಇಲ್ಲ. ಡಬ್ಬಿ ಟೈಟಾನಿಯಂನದ್ದು, ಸೀಲ್ ಆಗಿರುತ್ತದೆ, ನೀರು ತಾಗುವುದು ಚರ್ಮಕ್ಕೇ ಹೊರತು ಯಂತ್ರಕ್ಕಲ್ಲ. ಆಫ್ ಮಾಡದ ಐಸಿಡಿ ಶಾಕ್ ಕೊಟ್ಟರೂ ಸ್ನಾನ ಮಾಡಿಸುವವರ ಕೈಗೆ ಸ್ವಲ್ಪ ಜುಮ್ಮೆನ್ನಬಹುದು ಅಷ್ಟೇ, ರಬ್ಬರ್ ಗ್ಲೌಸ್ ಹಾಕಿಕೊಂಡರೆ ಮುಗಿಯಿತು. ಮೊನ್ನೆ ಮೊನ್ನೆ ಆಪರೇಷನ್ ಆಗಿ ಗಾಯ ಹಸಿ ಇದ್ದರೆ ಅಲ್ಲಿ ತಿಕ್ಕಬೇಡಿ, ನೀರು ಹರಿಸಿದರೆ ಸಾಕು. ಮನೆಯಲ್ಲೇ ಬ್ಲೇಡ್ ಹಾಕಿ ತೆಗೆಯುವ ಸಾಹಸ ಮಾತ್ರ ಬೇಡವೇ ಬೇಡ. ಆನ್ ಇರುವ ಐಸಿಡಿಯ ತಂತಿ ಕತ್ತರಿಸುವಾಗ ಜೋರು ಶಾಕ್ ಆಗುತ್ತದೆ.

ದಫನ್ ಮಾಡುವ ನಮಗೆ ಅದನ್ನು ತೆಗೆಯಲೇಬೇಕೆಂಬ ಕಾರಣವಿಲ್ಲ. ಸುಡುವವರಿಗೆ ಉಂಟು. ಬೆಂಕಿಯ ಕಾವಿಗೆ ಒಳಗಿನ ಬ್ಯಾಟರಿ ಸಿಡಿಯುತ್ತದೆ, ಇಂಗ್ಲೆಂಡಿನ ಚಿತಾಗಾರದಲ್ಲಿ ಹೀಗಾದದ್ದು 1976ರಲ್ಲೇ ವರದಿಯಾಗಿದೆ. ಹಾಗಾಗಿ ಹಿಂದೂ ಸಹೋದರರ ಮನೆಯಲ್ಲಿ ಆಸ್ಪತ್ರೆಯಲ್ಲೇ ತೆಗೆಸಿಕೊಂಡು ಬರುವುದು ಒಳ್ಳೆಯದು. ಅಕ್ಕಪಕ್ಕದ ಮನೆಯಲ್ಲಿ ಇಂಥ ಮರಣ ಆದರೆ ಒಂದು ಮಾತು ಹೇಳಿ.

ಇಲ್ಲಿಂದ ಮುಂದಿನ ವಿಷಯ ಸ್ವಲ್ಪ ಸೂಕ್ಷ್ಮ. ತೆಗೆದ ಯಂತ್ರದಲ್ಲಿ ಇನ್ನೂ ಐದಾರು ವರ್ಷದ ಬ್ಯಾಟರಿ ಉಳಿದಿದ್ದರೆ? ಮುಂಬೈಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ 53 ಬಡ ರೋಗಿಗಳಿಗೆ ಹೀಗೆ ಅಮೆರಿಕದಲ್ಲಿ ತೀರಿಕೊಂಡವರ ಪೇಸ್‌ಮೇಕರನ್ನೇ, ಮನೆಯವರ ಒಪ್ಪಿಗೆ ಪಡೆದು, ಶುದ್ಧಿ ಮಾಡಿ ಅಳವಡಿಸಿದ್ದರು. ಸೋಂಕಾಗಲಿ ಯಂತ್ರ ಕೆಡುವುದಾಗಲಿ ಕಂಡುಬರಲಿಲ್ಲ ಎಂದು 2011ರಲ್ಲಿ ವರದಿ ಬಂತು. 53 ಎಂಬುದು ಸಣ್ಣ ಲೆಕ್ಕ, ಇಷ್ಟರಿಂದ ತೀರ್ಮಾನ ಮಾಡಲಾಗದು ಎಂದರೆ ಅದೂ ಸರಿ. 2020ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯರು ದೊಡ್ಡ ಲೆಕ್ಕ ಕೊಟ್ಟರು. ಮೆಕ್ಸಿಕೋ, ಗ್ವಾಟೆಮಾಲಾದಂಥ ದೇಶಗಳ 1051 ಮಂದಿಗೆ ಮರುಬಳಕೆಯ ಯಂತ್ರ, ಅವರಿಗೆ ಹೋಲುವ ಕೆನಡಾದ 3153 ಮಂದಿಗೆ ಹೊಸದು. ಎರಡು ವರ್ಷದಲ್ಲಿ ಸೋಂಕು ಆದದ್ದು ಅವರಲ್ಲಿ 100ಕ್ಕೆ 2, ಇವರಲ್ಲಿ 100ಕ್ಕೆ 1.2. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಎಂದು ಲೆಕ್ಕ ಹೇಳುತ್ತದೆ. ಸೋಂಕಿನಿಂದ ಯಾರೂ ಸತ್ತಿರಲಿಲ್ಲ.

ಪೇಸ್‌ಮೇಕರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ದಾರಿ ಇದೆ, ಬಿಪಿಎಲ್ ಕಾರ್ಡಿನವರು ಸರಕಾರಿ ಆಸ್ಪತ್ರೆಯಲ್ಲಿ ಮೊದಲು ಕೇಳಲೇಬೇಕು. ಆದರೆ ಲಕ್ಷಗಟ್ಟಲೆ ಬೆಲೆಯ ಐಸಿಡಿ ಬೇಕೆಂದಾಗ ಚಿನ್ನ ಅಡ ಇಡುವ, ಜುಮಾ ಕಳೆದ ಮೇಲೆ ಮಸೀದಿ ಬಾಗಿಲಲ್ಲಿ ಚೀಟಿ ಹಿಡಿದು ನಿಲ್ಲುವ ಮನೆಗಳನ್ನು ನಾವೆಲ್ಲರೂ ನೋಡಿದ್ದೇವೆ. ಹಾಗಾದರೆ ಖಬರಿನೊಳಗೆ ಹೋಗುವ ಯಂತ್ರ ಒಬ್ಬ ಬಡವನ ಎದೆಯಲ್ಲಿ ಇರಬಾರದೇ?

ಸತ್ತವರ ದೇಹಕ್ಕೂ ಬದುಕಿರುವವರಷ್ಟೇ ಮರ್ಯಾದೆ ಎಂಬುದು ದೀನಿನ ಗಟ್ಟಿ ಪಾಠ. ಸುಮ್ಮನೆ ಕೊಯ್ಯುವಂತಿಲ್ಲ. ಆದರೆ ಗರ್ಭಿಣಿ ತೀರಿಕೊಂಡು ಮಗು ಬದುಕುವ ಆಸೆ ಇದ್ದರೆ ಹೊಟ್ಟೆ ಕೊಯ್ದು ತೆಗೆಯಬೇಕು ಎಂದು ನಮ್ಮ ಶಾಫಿಈ ಕಿತಾಬುಗಳಲ್ಲೇ ಉಂಟು. ಇನ್ನೊಬ್ಬರ ಒಡವೆ ನುಂಗಿ ಸತ್ತವನ ಮಸ್ಅಲವೂ ಉಂಟು. ಒಡೆಯ ಕೇಳಿದರೆ ಕೊಯ್ದು ಕೊಡಬೇಕು, ನುಂಗಿದ್ದು ಸ್ವಂತದ್ದಾದರೆ ಉಲಮಾಗಳಲ್ಲಿ ಎರಡು ಮಾತು. ಜೀವಂತ ಇರುವವನ ಪ್ರಾಣ ಅದರ ಮೇಲೆ ನಿಂತಿದ್ದರೆ, ಸತ್ತವನು ಮೊದಲೇ ಒಪ್ಪಿದ್ದರೆ ಇಲ್ಲವೇ ವಾರಸುದಾರರು ಒಪ್ಪಿದರೆ, ಅಂಗವನ್ನೇ ಕೊಡಬಹುದು ಎಂದು ಅದೇ ಫಿಖ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ಹೇಳಿತು. ನಮ್ಮ ನಾಡಿನ ಉಲಮಾಗಳೆಲ್ಲ ಅದನ್ನು ಒಪ್ಪಿದ್ದಾರೆಂದಲ್ಲ. ಆದರೆ ಪೇಸ್‌ಮೇಕರ್ ಅಂಗವೂ ಅಲ್ಲ, ಚರ್ಮದಡಿಯ ಡಬ್ಬಿ. ಹಾಕುವಾಗ ಎಷ್ಟು ಕೊಯ್ದರೋ ಅಷ್ಟೇ ಕೊಯ್ದು ತೆಗೆದು ಹೊಲಿಯುವಂಥದ್ದು. ನಮ್ಮ ಮನಸ್ಸು ಕೊಡಬಹುದು ಎಂಬ ಕಡೆಗೇ ವಾಲುತ್ತದೆ. ಇದು ಫತ್ವಾ ಅಲ್ಲ, ಫತ್ವಾ ಖಾಝಿಗಳದ್ದು. ಇಲ್ಲಿ ಬ್ಯಾರಿ ಮನೆಗಿಂತ ಉರ್ದು ಮಾತಾಡುವ ಹನಫಿ ಮನೆಗಳೇ ಹೆಚ್ಚು, ಅವರು ಅವರ ಉಲಮಾಗಳನ್ನು ಕೇಳಲಿ.

ಹೆಚ್ಚಿನವರಿಗೆ ಹೊಳೆಯದ ಇನ್ನೊಂದು ಅಂಶ: ಆ ಯಂತ್ರ ಹಣ ಕೊಟ್ಟು ತೆಗೆದುಕೊಂಡ ಸೊತ್ತು. ಮರಣದ ನಂತರ ಅದೂ ತಿರ್ಕದ ಲೆಕ್ಕಕ್ಕೆ ಬರುತ್ತದೆ. ವಾರಸುದಾರರಲ್ಲಿ ಪ್ರಾಯಕ್ಕೆ ಬಾರದ ಮಕ್ಕಳಿದ್ದರೆ ಅವರ ಪಾಲನ್ನು ದೊಡ್ಡಣ್ಣ ದಾನ ಮಾಡುವಂತಿಲ್ಲ. ಅದಕ್ಕೇ ಬದುಕಿರುವಾಗಲೇ ವಸಿಯ್ಯತ್ ಬರೆದಿಟ್ಟರೆ ಚೆಂದ. ಸೊತ್ತಿನ ಮೂರನೇ ಒಂದು ಭಾಗದೊಳಗೆ ಇದು ಸುಲಭವಾಗಿ ಬರುತ್ತದೆ, ಮಕ್ಕಳ ನಡುವೆ ಚರ್ಚೆಗೆ ಜಾಗವಿಲ್ಲ. ತೆಗೆಯುವುದು, ಪರೀಕ್ಷಿಸುವುದು, ಯಾರಿಗೆ ಎಂದು ನೋಡುವುದು ಎಲ್ಲಾ ಆಸ್ಪತ್ರೆಯ ಕೆಲಸ. ಪೇಸ್‌ಮೇಕರ್ ತಪಾಸಣೆಗೆ ಹೋದಾಗ ಅಲ್ಲೇ ಕೇಳಿ ಇಟ್ಟುಕೊಳ್ಳಿ. ದಫನ್ ತಡ ಮಾಡಿ ಊರೂರು ಅಲೆಯುವ ಹಾಗಾಗಬಾರದು. ಅಷ್ಟು ಅನುಕೂಲ ಇಲ್ಲದಿದ್ದರೆ ಹಾಗೇ ದಫನ್ ಮಾಡಿ, ಅದರಲ್ಲಿ ತಪ್ಪೇನಿಲ್ಲ.

ಇದಕ್ಕೆಲ್ಲ ಬೇಕಾದದ್ದು ಒಂದು ಕಾರ್ಡು. ಯಂತ್ರ ಹಾಕಿದ ದಿನ ಆಸ್ಪತ್ರೆಯವರು ಕೊಟ್ಟಿರುತ್ತಾರೆ. ಪೇಸ್‌ಮೇಕರೋ ಐಸಿಡಿಯೋ, ಯಾವ ಕಂಪೆನಿ, ಯಾವ ನಂಬರ್, ಯಾವ ತಾರೀಕು, ಎಲ್ಲಾ ಅದರಲ್ಲಿದೆ. ನಮ್ಮ ಮನೆಗಳಲ್ಲಿ ಅದು ಎಕ್ಸ್‌ರೇ ಕವರಿನ ತಳದಲ್ಲಿ ಬಿದ್ದಿರುತ್ತದೆ. ಹೊರಗೆ ತೆಗೆದು ರೇಷನ್ ಕಾರ್ಡಿನ ಜೊತೆ ಇಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮಕ್ಕಳಿಗೆ ಕಳಿಸಿ. ಉಮ್ರಾಕ್ಕೋ ಹಜ್ಜಿಗೋ ಹೋಗುವವರಾದರೆ ಏರ್‌ಪೋರ್ಟಿನ ತಪಾಸಣೆಯಲ್ಲಿ ತೋರಿಸಬೇಕಾದದ್ದೂ ಅದೇ ಕಾರ್ಡ್.